ನ್ಯೂಟ್ರಲ್ ಬಳಕೆದಾರರ ಕೈಪಿಡಿ: ಬಹ್ರೈನ್ ಆವೃತ್ತಿ

ಅಭಿನಂದನೆಗಳು. ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ವಿದ್ಯೆ ತಮ್ಮ ಕೈಸೇರಿದೆ. ಹಾಗೆ ನೋಡಿದರೆ ಇದು ತಮಗೆ ಮೊದಲೇ ಗೊತ್ತಿದ್ದದ್ದೇ. ಅಪ್ಪನೋ, ಸೋದರಮಾವನೋ, ಊರಿನ ಜೀಪಿನ ಡ್ರೈವರೋ ಎಂದೋ ಹೇಳಿಕೊಟ್ಟದ್ದು. ಆಮೇಲೆ ಉಪ್ಪಿನಕಾಯಿ, ಕುಚ್ಚಲಕ್ಕಿಯ ಜೊತೆ ವಿಮಾನ ಹತ್ತಿ ಕೊಲ್ಲಿಗೆ ಬಂದದ್ದು. ಗುದೈಬಿಯಾದ ಫ್ಲಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಕೋರಿ ರೊಟ್ಟಿ ಉಂಡು ನಾಲ್ಕು ಜನ ಕೂತರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಆಗುಂಬೆಯಿಂದ ಸೋಮೇಶ್ವರದವರೆಗೆ ಒಂದು ತೊಟ್ಟು ಪೆಟ್ರೋಲ್ ಸುಡದೆ ಇಳಿದದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಶಿರಾಡಿಯದ್ದು ತೆಗೆಯುತ್ತಾರೆ. ಮೂರನೆಯವರದು ಸಂಪಾಜೆ. ನಾಲ್ಕನೆಯವರು ಕಾರು ಓಡಿಸಲು ಕಲಿತದ್ದೇ ಬಹ್ರೈನ್‌ನಲ್ಲಿ, ಆದ್ದರಿಂದ ಅವರ ನಂಬಿಕೆ ಉಳಿದ ಮೂವರಿಗಿಂತ ಗಟ್ಟಿ.

ಈ ಕೈಪಿಡಿಯನ್ನು ಮುಖ್ಯವಾಗಿ ಆ ನಾಲ್ಕನೆಯವರಿಗಾಗಿ ಬರೆಯಲಾಗಿದೆ. ಬಳಸುವ ಮೊದಲು ಪೂರ್ತಿ ಓದಿ. ಓದಿದ ಮೇಲೆ ಬಳಸಬೇಕೆಂದೇ ಅನ್ನಿಸದಿದ್ದರೆ ಅದನ್ನು ಮುದ್ರಣದೋಷವೆಂದು ತಿಳಿಯಬೇಡಿ.

ಬೇಕಾಗುವ ಸಾಮಗ್ರಿ

ಕಾರು ಒಂದು. ಡ್ರೈವರ್ ಒಬ್ಬರು. ಪಕ್ಕದ ಸೀಟಿನಲ್ಲಿ ಕೂತು ಸಲಹೆ ಕೊಡಲು ಭಾವ ಒಬ್ಬರು (ಭಾವ ಸಿಗದಿದ್ದರೆ ಊರಿನವರು ಯಾರಾದರೂ ಆದೀತು, ಆದರೆ ಅಷ್ಟು ಧೈರ್ಯ ತುಂಬುವುದಿಲ್ಲ). ಇಳಿಜಾರು ಒಂದು. ಮೊದಲ ಮೂರು ಬಹ್ರೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ನಾಲ್ಕನೆಯದಕ್ಕೆ ಸ್ವಲ್ಪ ಓಡಾಟ ಬೇಕು.

ಹಂತ 1: ಇಳಿಜಾರು ಹುಡುಕಿಕೊಳ್ಳಿ

ಬಹ್ರೈನ್‌ನ ಅತಿ ಎತ್ತರದ ಜಾಗ ಜಬಲ್ ಅಲ್ ದುಖಾನ್. ಎತ್ತರ 134 ಮೀಟರ್. ಚಿಕ್ಕಮಗಳೂರಿನ ಕಡೆಯವರು ದಯವಿಟ್ಟು ನಗಬಾರದು. ನಿಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ದುಖಾನ್ ಬೆಟ್ಟವನ್ನು ಒಂದರ ಮೇಲೊಂದು ಹದಿನಾಲ್ಕು ಸಲ ಪೇರಿಸಿದರೂ ಅದರ ನೆತ್ತಿ ಮುಟ್ಟುವುದಿಲ್ಲ ಎಂಬುದು ನಮಗೂ ಗೊತ್ತು. ಈ ಬೆಟ್ಟದ ಕೀರ್ತಿ ಇರುವುದು ನೆತ್ತಿಯಲ್ಲಲ್ಲ, ಬುಡದಲ್ಲಿ. ಕೊಲ್ಲಿಯ ಅರಬ್ ದಡದಲ್ಲಿ ಮೊತ್ತಮೊದಲು ಎಣ್ಣೆ ಸಿಕ್ಕಿದ್ದು ಇಲ್ಲೇ, 1932ರಲ್ಲಿ. ಆ ಮೊದಲ ಬಾವಿ ಈಗಲೂ ಇದೆ, ಹತ್ತಿರದಲ್ಲೊಂದು ಮ್ಯೂಸಿಯಂ ಇದೆ. ಅಂದರೆ ಪೆಟ್ರೋಲ್ ಉಳಿಸಬೇಕೆಂದು ತಾವು ಹುಡುಕಿಕೊಂಡು ಹೋಗುವ ಈ ದೇಶದ ಏಕೈಕ ಬೆಟ್ಟ ನಿಂತಿರುವುದೇ ಪೆಟ್ರೋಲಿನ ಮೇಲೆ.

ಬೆಟ್ಟ ಬೇಡವೆನ್ನಿಸಿದರೆ ರಿಫಾಕ್ಕೆ ಹೋಗಿ. 1812ರಲ್ಲಿ ಕಟ್ಟಿದ ರಿಫಾ ಕೋಟೆ ಹುನೈನಿಯಾ ಕಣಿವೆಯ ಅಂಚಿನಲ್ಲಿ ನಿಂತಿದೆ. ಕಣಿವೆ ಎಂದರೆ ಕಣಿವೆಯೇ, ನೋಡಲು ಚೆಂದ, ಸಂಜೆ ಬೆಳಕಿನಲ್ಲಂತೂ ಕೋಟೆಯ ಗೋಡೆಯೂ ಮಣ್ಣೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆದರೆ ತಾವು ಗೇರ್ ತೆಗೆದು, ಸೀಟಿಗೆ ಒರಗಿ, ಭಾವನ ಮುಖ ನೋಡಿ ನಗುವಷ್ಟರಲ್ಲಿ ಇಳಿಜಾರು ಮುಗಿದು ರೌಂಡ್‌ಅಬೌಟ್ ಬಂದಿರುತ್ತದೆ.

ಉಳಿದದ್ದು ಮನುಷ್ಯನಿರ್ಮಿತ. ಸೌದಿಗೆ ಹೋಗುವ ಕಿಂಗ್ ಫಹದ್ ಕಾಸ್‌ವೇ 1986ರಲ್ಲಿ ತೆರೆಯಿತು. ಸುಮಾರು 25 ಕಿಲೋಮೀಟರ್, ಅದರಲ್ಲಿ ಹಡಗು ಹಾಯಲೆಂದು ಎತ್ತರಿಸಿದ ಸೇತುವೆಯ ಭಾಗವಿದೆ. ಅದರ ಆಚೆ ಮಗ್ಗುಲು ನಿಜಕ್ಕೂ ಇಳಿಜಾರು. ವಾರಾಂತ್ಯದ ಸಂಜೆ ಮಾತ್ರ ಅಲ್ಲಿ ಪ್ರಯೋಗ ಬೇಡ. ಗಡಿ ಚೆಕ್‌ಪಾಯಿಂಟಿನವರೆಗೆ ಕಾರುಗಳು ಬಾಲಕ್ಕೆ ಮೂಗು ತಾಗಿಸಿ ನಿಂತಿರುವಾಗ ನ್ಯೂಟ್ರಲ್ಲೂ ಒಂದೇ, ಡ್ರೈವೂ ಒಂದೇ. ನಗರದೊಳಗೆ ಫ್ಲೈಓವರ್‌ಗಳು ಬೇಕಾದಷ್ಟಿವೆ. ಮಾಲ್‌ಗಳ ಬಹುಮಹಡಿ ಪಾರ್ಕಿಂಗ್ ರ್‍ಯಾಂಪ್‌ಗಳೂ ಇವೆ, ಮತ್ತು ಆಕಾರದಲ್ಲಿ ನಮ್ಮ ಹೇರ್‌ಪಿನ್ ತಿರುವಿಗೆ ಈ ದೇಶದಲ್ಲಿ ಅತಿ ಹತ್ತಿರದ ನೆಂಟರೆಂದರೆ ಅವೇ. ಅಲ್ಲಿ ಎದುರಿಗೆ ಘಾಟಿಯ ಲಾರಿ ಬರುವುದಿಲ್ಲ. ತುಂಬಿದ ಟ್ರಾಲಿ ತಳ್ಳಿಕೊಂಡು, ಒಂದು ಕೈಯಲ್ಲಿ ಮಗು ಹಿಡಿದುಕೊಂಡು, ಕಾರು ಎಲ್ಲಿ ನಿಲ್ಲಿಸಿದ್ದು ಎಂದು ಮರೆತ ಸಂಸಾರಗಳು ಬರುತ್ತವೆ.

ಹಂತ 2: ಲಾಭದ ಲೆಕ್ಕ ಹಾಕಿ

ಜನ, ಸಾಮಾನು ಸೇರಿ ಕಾರಿನ ತೂಕ 1,500 ಕಿಲೋ ಎಂದಿಟ್ಟುಕೊಳ್ಳಿ. ದುಖಾನ್ ನೆತ್ತಿಯಿಂದ ಸಮುದ್ರದವರೆಗೆ ಒಂದೇ ಸಮನೆ ಇಳಿಜಾರು ರಸ್ತೆ ಇದೆ ಎಂದೂ ಇಟ್ಟುಕೊಳ್ಳಿ (ಇಲ್ಲ, ಆದರೆ ಕೈಪಿಡಿಗೆ ಉದಾರತೆ ಇರಬೇಕು). ಅಷ್ಟು ಎತ್ತರದಿಂದ ಅಷ್ಟು ತೂಕ ಇಳಿದರೆ ಸಿಗುವ ಶಕ್ತಿ ಸುಮಾರು 20 ಲಕ್ಷ ಜೌಲ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅರ್ಧ ಯೂನಿಟ್ ಚಿಲ್ಲರೆ. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಎಂಜಿನ್ ಚಕ್ರಕ್ಕೆ ತಲುಪಿಸುತ್ತದೆ ಎಂದು ಹಿಡಿದರೆ, ಇದು ಕಾಲು ಲೀಟರ್ ಪೆಟ್ರೋಲಿಗೆ ಸಮ. ಇಲ್ಲಿನ ಮುಮ್ತಾಜ್ ದರ್ಜೆಯ ಪೆಟ್ರೋಲು 2018ರ ಜನವರಿಯಲ್ಲಿ ಲೀಟರಿಗೆ 200 ಫಿಲ್ಸ್ ಆಯಿತು. ಆ ದರದಲ್ಲಿ ಉಳಿತಾಯ 50 ಫಿಲ್ಸ್. ದೇಶದ ಇಡೀ ಎತ್ತರವನ್ನು ಖರ್ಚು ಮಾಡಿದರೂ ಒಂದು ಪೂರ್ತಿ ಕರಕ್ ಚಹಾ ಹುಟ್ಟುವುದಿಲ್ಲ. ಅದೂ ಮೊದಲು ಮೇಲಕ್ಕೆ ಹತ್ತಿಸುವಾಗ ಸುಟ್ಟ ಪೆಟ್ರೋಲನ್ನು ಲೆಕ್ಕದಿಂದ ಬಿಟ್ಟರೆ.

ಹಾಗಾದರೆ ಹಿರಿಯರು ಹೇಳಿದ್ದು ಸುಳ್ಳೇ? ಅಲ್ಲ. ಅವರು ಹೇಳಿದ್ದು ಅವರ ಕಾರಿಗೆ ಸರಿಯಾಗಿಯೇ ಇತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮೊದಲ ತಲೆಮಾರು, ಇವಕ್ಕೆಲ್ಲ ಇದ್ದದ್ದು ಕಾರ್ಬುರೇಟರ್. ಎಂಜಿನ್ ಗಾಳಿ ಎಳೆದಾಗ ಆ ಗಾಳಿ ದಾರಿಯಲ್ಲಿ ಪೆಟ್ರೋಲನ್ನೂ ಎಳೆದುಕೊಂಡು ಬರುತ್ತಿತ್ತು. ಬೇಕೋ ಬೇಡವೋ ಎಂದು ಕೇಳುವವರು ಯಾರೂ ಇರಲಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟರೆ ಚಕ್ರಗಳು ಎಂಜಿನನ್ನು ಗಿರಗಿರ ತಿರುಗಿಸಿ ಪೆಟ್ರೋಲ್ ಸುಮ್ಮನೆ ಹೋಗುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಸಣ್ಣಗೆ ಗುರುಗುಟ್ಟುತ್ತ ಕಡಿಮೆ ಕುಡಿಯುತ್ತಿತ್ತು.

ಈಗಿನ ಕಾರಿನಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ, ಯಾವಾಗ ಎಷ್ಟು ಚಿಮ್ಮಿಸಬೇಕೆಂದು ಒಂದು ಕಂಪ್ಯೂಟರ್ ಹೇಳುತ್ತದೆ. ಕಾರು ಗೇರಿನಲ್ಲಿದ್ದು, ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದು, ಎಂಜಿನ್ ನಿಮಿಷಕ್ಕೆ ಸಾವಿರದಿನ್ನೂರೋ ಸಾವಿರದೈನೂರೋ ಸುತ್ತಿಗಿಂತ ಮೇಲೆ ತಿರುಗುತ್ತಿದ್ದರೆ ಆ ಕಂಪ್ಯೂಟರ್ ಪೆಟ್ರೋಲಿನ ನಲ್ಲಿಯನ್ನೇ ಮುಚ್ಚಿಬಿಡುತ್ತದೆ. ಆಗ ಖರ್ಚು ಸೊನ್ನೆ. ಎಂಜಿನ್ ತಿರುಗುತ್ತಿರುವುದು ಚಕ್ರಗಳ ಬಲದಿಂದ, ಅಂದರೆ ಬೆಟ್ಟದ ಖರ್ಚಿನಲ್ಲಿ. ತಾವು ಜಾಣತನ ತೋರಿಸಿ ನ್ಯೂಟ್ರಲ್‌ಗೆ ಹಾಕಿದ ಕ್ಷಣ ಚಕ್ರಕ್ಕೂ ಎಂಜಿನ್ನಿಗೂ ಇದ್ದ ಸಂಬಂಧ ಕಡಿಯುತ್ತದೆ. ಎಂಜಿನ್ ನಿಂತುಹೋಗಬಾರದಲ್ಲ, ಕಂಪ್ಯೂಟರ್ ಮತ್ತೆ ನಲ್ಲಿ ತೆರೆಯುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿನ ಎಂಜಿನ್ ಹೀಗೆ ಸುಮ್ಮನೆ ತಿರುಗುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ, ಏಸಿ ಹಾಕಿದರೆ ಮೇಲಿನ ಅಂಕಿಯೇ. ಇಪ್ಪತ್ತು ನಿಮಿಷದ ಘಾಟಿಯಲ್ಲಿ ಸೆಕೆಂಡ್ ಗೇರಿನವನು ಹೆಚ್ಚುಕಡಿಮೆ ಏನೂ ಸುಡದೆ ಇಳಿದರೆ, ನ್ಯೂಟ್ರಲ್‌ನವನು ಇನ್ನೂರು ಮುನ್ನೂರು ಮಿಲಿಲೀಟರ್ ಸುಟ್ಟು, ಉಳಿಸಿದೆನೆಂಬ ತೃಪ್ತಿಯಲ್ಲಿ ಇಳಿದಿರುತ್ತಾನೆ. ಭಾರತದಲ್ಲಿ 2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ ಕಾರುಗಳ ಕಾರ್ಬುರೇಟರ್ ಮನೆಗೆ ಹೋಯಿತು. ಸಲಹೆ ಮಾತ್ರ ಮನೆಗೆ ಹೋಗಲಿಲ್ಲ. ಬಹ್ರೈನ್‌ನಂಥ ಸಪಾಟು ಊರಿನಲ್ಲಿ ಅದು ಸವೆಯುವ ಸಂದರ್ಭವೇ ಬರುವುದಿಲ್ಲವಾದ್ದರಿಂದ ಹೊಸದರಂತೆ ಹೊಳೆಯುತ್ತಿದೆ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಇಳಿತ ತೀರಾ ಸಣ್ಣದಿದ್ದಾಗ, ಗೇರಿನಲ್ಲಿ ಬಿಟ್ಟರೆ ಎಂಜಿನ್ ಎಳೆತಕ್ಕೆ ಕಾರು ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ; ಅಲ್ಲಿ ಗೇರ್ ಬಿಡಿಸಿ ಓಡಿಸುವುದರಲ್ಲಿ ಕೊಂಚ ಉಳಿತಾಯ ಇದೆ. ಫೋಕ್ಸ್‌ವ್ಯಾಗನ್, ಪೋರ್ಷೆಯಂಥ ಕಂಪನಿಗಳ ಕೆಲವು ಆಟೋಮ್ಯಾಟಿಕ್ ಕಾರುಗಳು ಇದನ್ನು ತಾವೇ ಮಾಡುತ್ತವೆ, ಬ್ರೇಕ್ ಮುಟ್ಟಿದೊಡನೆ ತಾವೇ ಗೇರಿಗೆ ಮರಳುತ್ತವೆ. ಆ ಕೆಲಸ ಅವಕ್ಕೇ ಬಿಡಿ.

ಹಂತ 3: ರಜೆಯಲ್ಲಿ ಊರಿನಲ್ಲಿ ಪ್ರಯೋಗಿಸಿ

ಬಹ್ರೈನ್‌ನ ಭಾರತೀಯ ಶಾಲೆಗಳಿಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಂದರೆ ತಾವು ಘಾಟಿಗೆ ಬರುವುದು ಘಾಟಿ ತನ್ನ ಪೂರ್ಣ ಅವತಾರದಲ್ಲಿರುವಾಗ. ಬಹ್ರೈನ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಎಂಬತ್ತು ಮಿಲಿಮೀಟರಿನ ಆಸುಪಾಸು; ಆಗುಂಬೆ ಅಷ್ಟನ್ನು ಒಂದು ಸಾಧಾರಣ ಮಳೆದಿನದಲ್ಲಿ ಸುರಿದು, ಇನ್ನೂ ಏನಾದರೂ ಬೇಕೇ ಎನ್ನುತ್ತದೆ.

ಮೊದಲು ಕಾರು. ಉಡುಪಿ ಕಡೆಯ ಮನೆಯ ಶೆಡ್ಡಿನಲ್ಲಿ ಕಳೆದ ಹತ್ತು ತಿಂಗಳಿಂದ ನಿಂತಿರುವುದೇ ಅದು. ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಐದು ನಿಮಿಷ ಕೇಳಿಸಿಕೊಂಡು, ಆಫ್ ಮಾಡಿ ಒಳಗೆ ಹೋಗುತ್ತಾರೆ. ಬ್ಯಾಟರಿ ಸರಿ ಇದೆ, ಟೈರಿಗೆ ಗಾಳಿ ಹಾಕಿಸಿದೆ, ಸೀಟಿನ ಕವರ್ ಒಗೆದಿದೆ. ಈಗ ಬಾನೆಟ್ ಎತ್ತಿ. ಹಿಂಭಾಗದಲ್ಲಿ, ಡ್ರೈವರ್ ಕೂರುವ ನೇರಕ್ಕೆ, ಅಂಗೈಯಲ್ಲಿ ಹಿಡಿಯುವಷ್ಟು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಬ್ರೇಕ್ ಆಯಿಲ್ ಇರುವುದು ಅದರಲ್ಲಿ. ಹೊಸತಿದ್ದಾಗ ತಿಳಿ ಹಳದಿ. ತಮ್ಮ ಕಾರಿನದ್ದು ಜೋನಿಬೆಲ್ಲದ ಬಣ್ಣಕ್ಕೆ ಬಂದಿದ್ದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೋಗಿ.

ಯಾಕೆಂದರೆ ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣವಿದೆ, ಮತ್ತು ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂದು ಮಾನಕ ಹೇಳುತ್ತದೆ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ಆಮೇಲೆ 155. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರದವರೆಗೆ ಹೋಗುತ್ತದೆ. ಆವಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರಿಗೆ ಏನೂ ತಿಳಿಯುವುದಿಲ್ಲ.

ಇನ್ನು ತಾವು. ಬಹ್ರೈನ್ 1967ರ ನವೆಂಬರ್‌ನಲ್ಲಿ ಎಡದಿಂದ ಬಲಕ್ಕೆ ಹೊರಳಿತು, ಅಲ್ಲಿಂದೀಚೆಗೆ ಅಲ್ಲಿ ರಸ್ತೆ ಬಲಕ್ಕೆ, ಸ್ಟೀರಿಂಗ್ ಎಡಕ್ಕೆ. ಹಾಗಾಗಿ ರಜೆಯ ಮೊದಲ ವಾರ ತಾವು ತಿರುಗಬೇಕಾದಲ್ಲೆಲ್ಲ ಇಂಡಿಕೇಟರ್ ಎಂದುಕೊಂಡು ವೈಪರ್ ಹಾಕುತ್ತೀರಿ. ಮಳೆಗಾಲವಾದ್ದರಿಂದ ಹೆಂಡತಿಗೆ ಗೊತ್ತಾಗುವುದಿಲ್ಲ. ಹಿಂದಿನ ಬಸ್ಸಿನವನಿಗೆ ಗೊತ್ತಾಗುತ್ತದೆ.

ಹೊರನಾಡಿಗೆ ಹೋಗಿ ಬರುವ ದಾರಿ ಎಂದಿಟ್ಟುಕೊಳ್ಳೋಣ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಆಯಿತು, ಕಾಫಿ ಆಯಿತು. ಮುಂದೆ ಚಾರ್ಮಾಡಿ. ಮಂಜು ರಸ್ತೆಗೇ ಇಳಿದಿದೆ. ಭಾವ ಬೆಲ್ಟ್ ಸಡಿಲ ಮಾಡಿಕೊಂಡು ಪೀಠಿಕೆ ಹಾಕುತ್ತಾರೆ.

"ಇನ್ನು ಇಳಿತವೇ ಅಲ್ವಾ ಭಾವ, ನ್ಯೂಟ್ರಲ್ ಹಾಕಿ ಬಿಡಿ. ಸುಮ್ಮನೆ ಎಂತಕ್ಕೆ ಪೆಟ್ರೋಲ್ ಹಾಳು ಮಾಡುದು?"

"ಜೋರು ಇಳಿತ ಉಂಟಲ್ಲ ಭಾವ."

"ಬ್ರೇಕ್ ಇರುದು ಎಂತಕ್ಕೆ ಮತ್ತೆ, ಮಾರಾಯ್ರೆ!"

ನ್ಯೂಟ್ರಲ್ ಹಾಕಿ. ಮೊದಲ ಒಂದು ಕಿಲೋಮೀಟರ್ ಸುಖವಾಗಿದೆ ಎಂಬುದನ್ನು ಕೈಪಿಡಿ ಮುಚ್ಚಿಡುವುದಿಲ್ಲ. ಎಂಜಿನ್ ಸದ್ದು ಅಡಗಿ ಪಕ್ಕದ ಬಂಡೆಯಿಂದ ಬೀಳುವ ನೀರಿನ ಸದ್ದು ಒಳಗೆ ಬರುತ್ತದೆ, ಹಿಂದಿನ ಸೀಟಿನ ಮಕ್ಕಳು ಕಿಟಕಿಗೆ ಮೂಗು ಒತ್ತುತ್ತಾರೆ. ಮುಳ್ಳು ಮೂವತ್ತರಿಂದ ಐವತ್ತಕ್ಕೆ ತಾನೇ ಹತ್ತುತ್ತದೆ. ತಿರುವು. ಬ್ರೇಕ್. ಮತ್ತೆ ಐವತ್ತು. ತಿರುವು. ಬ್ರೇಕ್.

ಇಲ್ಲಿ ಮತ್ತೊಂದು ಲೆಕ್ಕ. ಅದೇ 1,500 ಕಿಲೋ ಕಾರು 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 73 ಲಕ್ಷ ಜೌಲ್, ಎರಡು ಯೂನಿಟ್ ಕರೆಂಟ್. ಸ್ನಾನದ ಮನೆಯ ದೊಡ್ಡ ಬಕೆಟ್, ಇಪ್ಪತ್ತು ಲೀಟರ್ ತಣ್ಣೀರು, ಅದನ್ನು ಕೊತಕೊತ ಕುದಿಸಲು ಸಾಕು, ಮಿಕ್ಕುತ್ತದೆ ಕೂಡ. ಕಾಲು ಭಾಗದಷ್ಟನ್ನು ಟೈರೂ ಗಾಳಿಯೂ ತಿಂದಾವು. ಗೇರಿನಲ್ಲಿದ್ದಿದ್ದರೆ ದೊಡ್ಡ ಪಾಲನ್ನು ಎಂಜಿನ್ ತನ್ನ ಸಿಲಿಂಡರುಗಳಲ್ಲಿ ಗಾಳಿ ಎಳೆದು ಒತ್ತುವ ಕೆಲಸಕ್ಕೆ ಬಳಸಿ, ರೇಡಿಯೇಟರ್ ಮೂಲಕ, ಸೈಲೆನ್ಸರ್ ಮೂಲಕ ಹೊರಗೆ ಹಾಕುತ್ತಿತ್ತು. ಎಂಜಿನ್ನಿಗೆ ತಾವು ರಜೆ ಕೊಟ್ಟಿದ್ದೀರಿ. ಉಳಿದ ಮುಕ್ಕಾಲು ಪಾಲು ಶಾಖವೆಲ್ಲ ಈಗ ಊಟದ ತಟ್ಟೆಯಷ್ಟಗಲದ ಬ್ರೇಕ್ ಡಿಸ್ಕ್‌ಗಳ ಪಾಲಿಗೆ.

ಆರೋ ಏಳೋ ತಿರುವಾದ ಮೇಲೆ ಒಂದು ವಾಸನೆ ಬರುತ್ತದೆ. ಲೈನರ್ ಸುಟ್ಟ, ಮೂಗಿಗೆ ಕೊರೆಯುವ ವಾಸನೆ. ಭಾವ ಕಿಟಕಿ ಏರಿಸಿ, ಮುಂದಿನ ಲಾರಿಯದ್ದೇ ಎಂದು ತೀರ್ಪು ಕೊಡುತ್ತಾರೆ. ಮುಂದೆ ಲಾರಿ ಇಲ್ಲದಿದ್ದರೂ ಕೊಡುತ್ತಾರೆ. ಇನ್ನೆರಡು ತಿರುವಿಗೆ ಪೆಡಲ್ ಮೊದಲಿನ ಜಾಗದಲ್ಲಿ ಸಿಗುವುದಿಲ್ಲ, ಕೆಳಗೆಲ್ಲೋ ಸಿಗುತ್ತದೆ, ಒತ್ತಿದರೆ ಕಲ್ಲಿನಂತೆ ನಿಲ್ಲುವ ಬದಲು ಮೆತ್ತಗೆ ಒಳಗೆ ಹೋಗುತ್ತದೆ. ಈಗ ತಮಗೆ ಸೆಕೆಂಡ್ ಗೇರ್ ನೆನಪಾಗುತ್ತದೆ. ಕಾರು ಅರವತ್ತರಲ್ಲಿದೆ, ಎಂಜಿನ್ ಎಂಟುನೂರು ಸುತ್ತಿನಲ್ಲಿ ನಿದ್ದೆ ಮಾಡುತ್ತಿದೆ. ಗೇರ್ ಕರಕರ ಅನ್ನುತ್ತದೆ, ಬೀಳುವುದಿಲ್ಲ. ತಿರುವಿನಾಚೆಯಿಂದ ಹಾರ್ನ್ ಕೇಳುತ್ತದೆ. ಕಡಿದಾದ, ಕಿರಿದಾದ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬುದು ನಮ್ಮಲ್ಲಿ ನಿಯಮ. 1989ರ ರಸ್ತೆ ನಿಯಮಾವಳಿಯಲ್ಲೇ ಬರೆದಿತ್ತು. ದಾರಿ ಬಿಡಲು ಮೊದಲು ನಿಲ್ಲಬೇಕು.

ದೋಷ ನಿವಾರಣೆ

ಪೆಡಲ್ ಮೆತ್ತಗಾಗಿದೆ: ಪಟಪಟನೆ ನಾಲ್ಕೈದು ಸಲ ಒತ್ತಿ ಬಿಡಿ, ಒತ್ತಡ ಸ್ವಲ್ಪ ಮರಳಬಹುದು. ಕ್ಲಚ್ ಒತ್ತಿ, ಆಕ್ಸಿಲರೇಟರ್ ಕೊಟ್ಟು ಎಂಜಿನ್ ಸದ್ದು ಏರಿಸಿ ಥರ್ಡ್‌ಗೆ ಹಾಕಿ, ವೇಗ ಇಳಿದ ಮೇಲೆ ಸೆಕೆಂಡ್. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯಬೇಡಿ, ಗುಂಡಿ ಒತ್ತಿಹಿಡಿದು ಮೆಲ್ಲಗೆ ಏರಿಸಿ. ಏನೂ ಆಗದಿದ್ದರೆ ಗುಡ್ಡದ ಬದಿಗೆ ಉಜ್ಜಿ, ಕಣಿವೆಯ ಬದಿಗಲ್ಲ. ಬಂಪರ್ ಹೊಸತು ಸಿಗುತ್ತದೆ.

ಕಾರು ನಿಂತಿತು: ಬಿಸಿ ಡಿಸ್ಕ್‌ಗೆ ನೀರು ಸುರಿಯಬೇಡಿ, ಬಾಗೀತು, ಬಿರಿದೀತು. ಅರ್ಧ ಗಂಟೆ ಬಿಡಿ. ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಕೈಮುಗಿದು ಹೋಗುವ ರೂಢಿ ಡ್ರೈವರ್‌ಗಳಲ್ಲಿದೆ. ಕೈಪಿಡಿಗೆ ದೇವರ ವಿಷಯದಲ್ಲಿ ಅಭಿಪ್ರಾಯವಿಲ್ಲ, ನಿಲ್ಲಿಸುವ ವಿಷಯದಲ್ಲಿ ಇದೆ.

ಭಾವ "ಹಾಗಾದ್ರೆ ಎಂಜಿನ್ನೇ ಆಫ್ ಮಾಡಿ, ಪೂರಾ ಉಳೀತದೆ" ಎನ್ನುತ್ತಿದ್ದಾರೆ: ಬ್ರೇಕ್ ಹಗುರವಾಗಿ ಹಿಡಿಯುವುದು ಎಂಜಿನ್ನಿನಿಂದ ಬರುವ ನಿರ್ವಾತದ ಬಲದಿಂದ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ಸಲ ಒತ್ತುವಷ್ಟು, ಆಮೇಲೆ ಪೆಡಲ್ ಮೇಲೆ ಎದ್ದು ನಿಂತರೂ ಕಷ್ಟ. ಪವರ್ ಸ್ಟೀರಿಂಗ್ ಸತ್ತಿರುತ್ತದೆ. ಕೀಲಿ ಇನ್ನೊಂದು ಹಲ್ಲು ಹಿಂದೆ ಹೋದರೆ ಸ್ಟೀರಿಂಗೇ ಲಾಕ್. ಭಾವನನ್ನು ಹಿಂದಿನ ಸೀಟಿಗೆ ಕಳುಹಿಸಿ.

ಕಾರು ಆಟೋಮ್ಯಾಟಿಕ್: ಬಹ್ರೈನ್‌ನಲ್ಲಿ ಹೆಚ್ಚಿನವರು ಓಡಿಸುವುದು ಅದೇ, ಈಗ ಊರಿನಲ್ಲೂ. ಗೇರ್ ಲಿವರ್‌ನ ಪಕ್ಕ ಡಿ ಅಕ್ಷರದ ಕೆಳಗೆ ಎಲ್ ಅಂತಲೋ, 2 ಅಂತಲೋ, ಅಧಿಕ ಚಿಹ್ನೆ ಕಳೆಯುವ ಚಿಹ್ನೆ ಅಂತಲೋ ಇರುವುದನ್ನು ತಾವು ಗಮನಿಸಿರಬಹುದು, ಮುಟ್ಟಿರಲಿಕ್ಕಿಲ್ಲ. ಅದು ಇರುವುದು ಇದಕ್ಕೇ. ಲಾರಿ ಡ್ರೈವರ್‌ಗಳ ಹಳೆಯ ಸೂತ್ರ ಕಾರಿಗೂ ಸರಿ: ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರು. ಹೈಬ್ರಿಡ್ ಕಾರಾದರೆ ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜೇ ಆಗುವುದಿಲ್ಲ. ಬೆಟ್ಟ ಪುಕ್ಕಟೆ ಕೊಡುವ ಕರೆಂಟನ್ನು ಬೇಡವೆಂದು ಸುಟ್ಟುಹಾಕಿದಂತಾಯಿತು.

ಕಾನೂನು

ಭಾರತದ 1988ರ ಮೋಟಾರು ವಾಹನ ಕಾಯ್ದೆಯ 138ನೇ ಸೆಕ್ಷನ್ ರಾಜ್ಯ ಸರ್ಕಾರಗಳು ಯಾವ ಯಾವ ವಿಷಯಕ್ಕೆ ನಿಯಮ ಮಾಡಬಹುದು ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ, ಓಡುವ ವಾಹನಕ್ಕೆ ಜೋತುಬೀಳುವುದು, ಫುಟ್‌ಪಾತ್ ಮೇಲೆ ಗಾಡಿ ಓಡಿಸುವುದು ಇವುಗಳ ಸಾಲಿನಲ್ಲೇ, ಗೇರ್ ಬಿಡಿಸಿ ವಾಹನವನ್ನು ಇಳಿಜಾರಿನಲ್ಲಿ ಓಡಿಸುವುದನ್ನು ಎಲ್ಲೆಡೆಯಾಗಲಿ ಗೊತ್ತುಪಡಿಸಿದ ಜಾಗದಲ್ಲಾಗಲಿ ನಿಷೇಧಿಸುವ ಅಧಿಕಾರವೂ ಇದೆ. ದೆಹಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ಅಂದೇ ನಮ್ಮ ಭಾವಂದಿರ ಪರಿಚಯ ಇತ್ತೆಂದು ಕಾಣುತ್ತದೆ. ಅಪಾಯಕಾರಿ ಚಾಲನೆಗೆ ಬೇರೆಯೇ 184ನೇ ಸೆಕ್ಷನ್ ಇದೆ. ಘಾಟಿಯಲ್ಲಿ ಯಾರಿಗಾದರೂ ಗುದ್ದಿದ ಮೇಲೆ ಗೇರ್ ಎಲ್ಲಿತ್ತು ಎಂಬ ಪ್ರಶ್ನೆ ಬರುವುದು ಆಗ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಹನ ಸಂಹಿತೆಯ 21710ನೇ ಕಲಮು ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ ಎಂದು ನೇರವಾಗಿ ಹೇಳಿಬಿಡುತ್ತದೆ. ಬ್ರಿಟನ್ನಿನ ಹೈವೇ ಕೋಡ್‌ನ 122ನೇ ನಿಯಮ ಬೈಯುವುದಿಲ್ಲ, ಮೇಷ್ಟರಂತೆ ಕಾರಣ ವಿವರಿಸುತ್ತದೆ: ಎಂಜಿನ್ ಹಿಡಿತ ಹೋಗುತ್ತದೆ, ವೇಗ ಏರುತ್ತದೆ, ಬ್ರೇಕ್ ಸೋಲುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಬೇಕಾದಾಗ ಗೇರ್ ಬೀಳುವುದಿಲ್ಲ.

ಬಹ್ರೈನ್‌ನ ಸಂಚಾರ ಕಾನೂನು 2014ರದ್ದು, 23ನೆಯ ಸಂಖ್ಯೆಯದ್ದು. ಅತಿವೇಗಕ್ಕೂ ಕೆಂಪು ದೀಪ ಹಾರುವುದಕ್ಕೂ ದಂಡ ಜೋರಾದದ್ದು ಅದರಲ್ಲಿ. ಫ್ಲೈಓವರ್ ಇಳಿಯುವಾಗ ತಮ್ಮ ಗೇರ್ ಎಲ್ಲಿದೆಯೆಂದು ಅಲ್ಲಿನ ಕ್ಯಾಮೆರಾ ಬಗ್ಗಿ ನೋಡುವುದಿಲ್ಲ. ವೇಗ ನೋಡುತ್ತದೆ, ಮತ್ತು ನ್ಯೂಟ್ರಲ್‌ನಲ್ಲಿ ಹೆಚ್ಚುವುದು ಅದೇ. ಒಂದು ಸಲ ಫ್ಲ್ಯಾಶ್ ಬಿದ್ದರೆ ದುಖಾನ್ ಬೆಟ್ಟವನ್ನು ಎಷ್ಟು ಸಲ ಇಳಿದರೆ ಆ ದಂಡ ತೀರೀತು ಎಂಬ ಲೆಕ್ಕ ಹಂತ 2ರ ಸಹಾಯದಿಂದ ತಾವೇ ಹಾಕಿಕೊಳ್ಳಬಹುದು.

ಕೊಲ್ಲಿಯಲ್ಲೇ ಅಪ್ಪಟ ಘಾಟಿ ನೋಡಬೇಕಿದ್ದರೆ ಈದ್ ರಜೆಗೆ ಒಮಾನ್‌ಗೆ ಹೋಗಿ. ಜಬಲ್ ಅಖ್ದರ್ ಹತ್ತುವ ಮುನ್ನ ಬಿರ್ಕತ್ ಅಲ್ ಮೌಜ್‌ನಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ. ನಾಲ್ಕೂ ಚಕ್ರಕ್ಕೆ ಎಳೆತವಿಲ್ಲದ ಕಾರನ್ನು ಮೇಲೆ ಬಿಡುವುದಿಲ್ಲ. ರಸ್ತೆ ಅಗಲ, ಡಾಂಬರು ನುಣುಪು, ನಮ್ಮ ಘಾಟಿಗೆ ಹೋಲಿಸಿದರೆ ರಾಜಮಾರ್ಗ. ಆದರೂ ಬಿಡುವುದಿಲ್ಲ. ಅವರಿಗೆ ಚಿಂತೆ ಹತ್ತುವುದರದ್ದಲ್ಲ, ಇಳಿಯುವುದರದ್ದು. ಬ್ರೇಕ್ ಸೋತ ಗಾಡಿಗಳು ನುಗ್ಗಿ ನಿಲ್ಲಲೆಂದು ಇಳಿಯುವ ಬದಿಯಲ್ಲಿ ಮೇಲ್ಮುಖದ ದಾರಿಗಳನ್ನೇ ಕಟ್ಟಿದ್ದಾರೆ. ಚಾರ್ಮಾಡಿಯಲ್ಲಿ ಅಂಥದ್ದಕ್ಕೆ ಜಾಗವಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಮಂಜು.

ನ್ಯೂಟ್ರಲ್‌ನ ಅಧಿಕೃತ ಉಪಯೋಗಗಳು

ಇಷ್ಟೆಲ್ಲ ಆದಮೇಲೂ ಗೇರ್ ಪೆಟ್ಟಿಗೆಯಲ್ಲಿ ಎನ್ ಎಂಬ ಅಕ್ಷರ ಯಾಕಿಟ್ಟಿದ್ದಾರೆ ಎಂದು ತಾವು ಕೇಳಬಹುದು. ಕೆಟ್ಟ ಕಾರನ್ನು ನಾಲ್ಕು ಜನ ಸೇರಿ ತಳ್ಳಿ ಬದಿಗೆ ಹಾಕಲು. ಕ್ರೇನಿನವರು ಲಾರಿಯ ಮೇಲೆ ಎಳೆದುಕೊಳ್ಳಲು (ಆಟೋಮ್ಯಾಟಿಕ್ ಆದರೆ ಚಕ್ರ ನೆಲಕ್ಕೆ ತಾಗಿಸಿ ದೂರ ಎಳೆಯಲು ಬಿಡಬೇಡಿ, ಎಂಜಿನ್ ನಿಂತಿರುವಾಗ ಒಳಗಿನ ಪಂಪು ತಿರುಗುವುದಿಲ್ಲ, ಗೇರುಗಳು ಎಣ್ಣೆಯಿಲ್ಲದೆ ಉಜ್ಜುತ್ತವೆ). ಮತ್ತು ಮರಳುಗಾಳಿ ಬೀಸಿದ ಮರುದಿನ, ಬೆಲ್ಟ್ ಎಳೆದುಕೊಂಡು ಹೋಗುವ ಆಟೋಮ್ಯಾಟಿಕ್ ಕಾರ್ ವಾಷ್‌ನಲ್ಲಿ. ಚಕ್ರವನ್ನು ಹಳಿಗೆ ಕೂರಿಸಿ, ನ್ಯೂಟ್ರಲ್ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಸ್ಟೀರಿಂಗ್ ಮುಟ್ಟದೆ ಸುಮ್ಮನೆ ಕೂರಬೇಕೆಂದು ಅಲ್ಲಿ ಗೋಡೆಯ ಮೇಲೆಯೇ ಬರೆದಿರುತ್ತಾರೆ. ಭಾವನನ್ನು ಕರೆದುಕೊಂಡು ಹೋಗಿ. ಎರಡೂ ಬದಿಯಿಂದ ನೀರು ಸುರಿಯುತ್ತದೆ, ಗಾಜಿನಾಚೆ ಏನೂ ಕಾಣುವುದಿಲ್ಲ, ಕಾರು ತಾನೇ ಮುಂದೆ ಹೋಗುತ್ತದೆ, ಎಂಜಿನ್ ಆಫ್ ಮಾಡಿದರೂ ನಡೆಯುತ್ತದೆ. ಪೆಟ್ರೋಲ್ ಖರ್ಚು ಸೊನ್ನೆ. ಕಾರ್ ವಾಷ್‌ನ ದುಡ್ಡು ಭಾವನೇ ಕೊಡಲಿ.